ಅಂಗೈ ಸಾಧನದ ಲೆಕ್ಕ ಅಂಗಡಿಯ ಕಂಪ್ಯೂಟರಿಗೆ

ಪ್ರಶ್ನೆ: ಮಲ್ಪೆ ಬಂದರಿನಲ್ಲಿ ದೋಣಿಗಳಿಗೆ ಕೊಡುವ ಮಂಜುಗಡ್ಡೆಯ ಲೆಕ್ಕವನ್ನು ಪಾಮ್ ಎಂಬ ಹಳೆಯ ಅಂಗೈ ಸಾಧನದಲ್ಲಿ ಬರೆದಿಡುತ್ತೇನೆ. ಅದನ್ನು ಅಂಗಡಿಯ ಕಂಪ್ಯೂಟರಿನ ಲೆಕ್ಕದೊಡನೆ ಹೊಂದಿಸುವ ಪ್ರೋಗ್ರಾಮನ್ನು ನಾನೇ ಬರೆಯಬಹುದೇ?
– ಓದುಗರೊಬ್ಬರು, ಮಲ್ಪೆ

ಉತ್ತರ: ಧಾರಾಳವಾಗಿ ಬರೆಯಬಹುದು. ಸಿಂಕ್ (ಎರಡೂ ಕಡೆಯ ಲೆಕ್ಕ ಹೊಂದಿಸುವ) ಗುಂಡಿಯನ್ನು ಒತ್ತಿದಾಗ ವಿಂಡೋಸ್‌ನಲ್ಲಿರುವ ಹಾಟ್‌ಸಿಂಕ್ ಮ್ಯಾನೇಜರ್ ಎಂಬ ತಂತ್ರಾಂಶ, ಪ್ರತಿ ಅಪ್ಲಿಕೇಶನ್ನನ್ನು ಗುರುತಿಸುವ ನಾಲ್ಕು ಅಕ್ಷರಗಳ ಕ್ರಿಯೇಟರ್ ಐಡಿಯನ್ನು ನೋಡಿ, ಆಯಾ ಅಪ್ಲಿಕೇಶನ್ನಿಗೆ ನೋಂದಾಯಿಸಿದ ‘ಕಂಡ್ಯೂಟ್’ ಎಂಬ ಪ್ರೋಗ್ರಾಮನ್ನು ಕರೆಯುತ್ತದೆ; ತಾವು ಬರೆಯಬೇಕಾದುದು ಅದನ್ನೇ. ಲೆಕ್ಕ ಒಂದೇ ದಿಕ್ಕಿನಲ್ಲಿ ಹೋಗುವುದಾದರೆ ಕೆಲಸ ಸುಲಭ, ಮತ್ತು ತಮ್ಮ ವ್ಯವಹಾರಕ್ಕೆ ಬಹುಶಃ ಅಷ್ಟೇ ಸಾಕು.

ಎರಡೂ ಕಡೆ ತಿದ್ದುವುದಾದರೆ ಮಾತ್ರ ತೊಡಕು. ಪ್ರತಿಯೊಂದು ದಾಖಲೆಗೂ ಒಂದು ಪ್ರತ್ಯೇಕ ಸಂಖ್ಯೆಯೂ ‘ಬದಲಾಗಿದೆ’, ‘ಅಳಿಸಿದೆ’ ಎಂಬ ಗುರುತುಗಳೂ ಇರುತ್ತವೆ. ಧಕ್ಕೆಯಲ್ಲಿ (ಬಂದರುಕಟ್ಟೆಯಲ್ಲಿ) ತಾವು 40 ಗಡ್ಡೆಯನ್ನು 45 ಎಂದು ತಿದ್ದಿದ ದಿನವೇ ಅಂಗಡಿಯಲ್ಲಿ ಅದೇ ದಾಖಲೆಯನ್ನು 42 ಎಂದು ಬದಲಿಸಿದ್ದರೆ, ಎರಡನ್ನೂ ಉಳಿಸಿಕೊಂಡು ಬಳಕೆದಾರರಿಗೆ ತಿಳಿಸುವುದೇ ರೂಢಿ. ಸಿಂಕ್ ಮುಗಿದೊಡನೆ ಗುರುತುಗಳು ಅಳಿಸಿಹೋಗುವುದರಿಂದ, ನಡುವೆ ಮನೆಯ ಕಂಪ್ಯೂಟರಿನೊಡನೆ ಒಮ್ಮೆ ಸಿಂಕ್ ಮಾಡಿದ್ದರೂ ಅಂಗಡಿಯದು ಅವುಗಳನ್ನು ನಂಬುವಂತಿಲ್ಲ. ಆಗ ಹಿಂದಿನ ಸಿಂಕ್‌ನಲ್ಲಿ ಉಳಿಸಿಟ್ಟ ಪ್ರತಿಯೊಡನೆ ದಾಖಲೆಗಳನ್ನೆಲ್ಲ ಒಂದೊಂದಾಗಿ ಹೋಲಿಸಬೇಕು. ನಿಧಾನವೆಂದು ಈ ಭಾಗವನ್ನು ಕೈಬಿಡಬೇಡಿ. ಲಿನಕ್ಸ್ ಬಳಸುವುದಾದರೆ ಇದೇ ಕೆಲಸಕ್ಕೆ ಪೈಲಟ್-ಲಿಂಕ್ ಎಂಬ ತಂತ್ರಾಂಶವಿದೆ.