ಮಕ್ಕಳ ಊಟದಿಂದ ತುಪ್ಪ, ಎಣ್ಣೆಯನ್ನು ಪೂರ್ತಿ ತೆಗೆಯಬೇಕೇ?
ದಪ್ಪಗಾದಾರೆಂಬ ಭಯದಿಂದ ಎಂಟು ವರ್ಷದ ಮಗುವಿಗೆ ಜಿಡ್ಡನ್ನೇ ನಿಲ್ಲಿಸಬೇಕೇ ಎಂದು ಕೇಳಿದ್ದೀರಿ, ನಿಲ್ಲಿಸಬೇಕಾಗಿಲ್ಲ. ಒಂದು ಗ್ರಾಂ ಕೊಬ್ಬಿನಿಂದ 9 ಕಿಲೋಕ್ಯಾಲೊರಿ ಸಿಗುವುದರಿಂದ, ಸ್ವಲ್ಪವೇ ಉಂಡು ದಿನವಿಡೀ ಓಡಾಡುವ ಮಕ್ಕಳಿಗೆ ಅದು ಅನುಕೂಲವೇ. ಅಲ್ಲದೆ ಎ, ಡಿ, ಇ, ಕೆ ಜೀವಸತ್ವಗಳನ್ನು ದೇಹ ಹೀರಿಕೊಳ್ಳಲು ಕೊಬ್ಬು ಬೇಕು. ಬರೀ ನೀರಿನಲ್ಲಿ ಬೇಯಿಸಿದ ಕ್ಯಾರೆಟ್‌ಗಿಂತ ಒಗ್ಗರಣೆ ಹಾಕಿದ ಪಲ್ಯ ಈ ದೃಷ್ಟಿಯಿಂದ ಮೇಲು.

ಮಿತಿಯಿರುವುದು ಮುಖ್ಯವಾಗಿ ಕೆಲವು ಬಗೆಯ ಕೊಬ್ಬಿಗೆ. ಎರಡು ವರ್ಷ ದಾಟಿದ ಎಲ್ಲರಿಗೂ ಸ್ಯಾಚುರೇಟೆಡ್ ಕೊಬ್ಬು (ತುಪ್ಪ, ಬೆಣ್ಣೆಯಂಥವುಗಳಲ್ಲಿ ಹೆಚ್ಚಾಗಿರುವುದು) ದಿನದ ಕ್ಯಾಲೊರಿಯ ಶೇ. 10ನ್ನೂ, ಟ್ರಾನ್ಸ್ ಕೊಬ್ಬು (ವನಸ್ಪತಿಯಂಥ ಗಟ್ಟಿಗೊಳಿಸಿದ ಎಣ್ಣೆಯಲ್ಲಿರುವುದು) ಶೇ. 1ನ್ನೂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2023ರ ಸಲಹೆ. ದಿನಕ್ಕೆ 1,600 ಕಿಲೋಕ್ಯಾಲೊರಿ ಬೇಕಾದ ಮಗುವಿಗೆ ಸ್ಯಾಚುರೇಟೆಡ್ ಕೊಬ್ಬಿನ ಮಿತಿ ಸುಮಾರು 18 ಗ್ರಾಂ. ಒಂದು ದೊಡ್ಡ ಚಮಚ ತುಪ್ಪದಲ್ಲೇ ಸುಮಾರು 8 ಗ್ರಾಂ ಇರುತ್ತದೆ. ಕಡಿಮೆ ಮಾಡಬೇಕಾದದ್ದು ವನಸ್ಪತಿ ಬಳಸಿದ ಬೇಕರಿ ತಿನಿಸು, ಮತ್ತೆ ಮತ್ತೆ ಕಾಯಿಸಿದ ಎಣ್ಣೆಯ ಕರಿದ ತಿಂಡಿ.