ಎಂಟು ತಿಂಗಳು ಅಟ್ಟದಲ್ಲಿದ್ದ ಸ್ಪ್ರೇಯರ್: ಹಳೆಯ ಪೆಟ್ರೋಲಿನ ತೊಂದರೆಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಕಳೆದ ವರ್ಷ ಅಡಿಕೆಯ ಕೊಳೆರೋಗಕ್ಕೆ ಎರಡನೆಯ ಸಲ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ) ಹೊಡೆದ ಮೇಲೆ ಪೆಟ್ರೋಲ್ ಎಂಜಿನ್ನಿನ ಸ್ಪ್ರೇಯರನ್ನು ಅಟ್ಟಕ್ಕೆ ಏರಿಸಿದ್ದೆವು. ಟ್ಯಾಂಕಿನಲ್ಲಿ ಅರ್ಧದಷ್ಟು ಪೆಟ್ರೋಲ್ ಉಳಿದಿತ್ತು. ಈಗ ಹೊರಗೆ ತೆಗೆದರೆ ಚೋಕ್ ಹಾಕಿದಾಗ ಮಾತ್ರ ಓಡುತ್ತದೆ, ಚೋಕ್ ತೆಗೆದ ಕೂಡಲೇ ನಿಲ್ಲುತ್ತದೆ. ಪ್ಲಗ್ ಬದಲಿಸಿ, ಹೊಸ ಪೆಟ್ರೋಲ್ ಸೇರಿಸಿ ನೋಡಿದ್ದಾಯಿತು. ಕಾರ್ಬ್ಯುರೇಟರನ್ನೇ ಬದಲಿಸಬೇಕು ಎನ್ನುತ್ತಾರೆ. ಅದು ಅಗತ್ಯವೇ?
– ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಬದಲಿಸುವ ಮೊದಲು ಅದನ್ನು ಬಿಚ್ಚಿ ತೊಳೆಯಿರಿ. ಇಂತಹ ಹೆಚ್ಚಿನ ಎಂಜಿನ್ನುಗಳು ಅಷ್ಟರಲ್ಲೇ ಸರಿಹೋಗುತ್ತವೆ. ನೀವು ಬರೆದಿರುವ ಲಕ್ಷಣವೇ ಕಾರಣವನ್ನು ಬಹುಮಟ್ಟಿಗೆ ಹೇಳುತ್ತಿದೆ. ಚೋಕ್ ಹಾಕಿದಾಗ ಎಂಜಿನ್ನು ಗಾಳಿಯನ್ನು ಕಡಿಮೆಯಾಗಿಯೂ ಪೆಟ್ರೋಲನ್ನು ಹೆಚ್ಚಾಗಿಯೂ ಎಳೆದುಕೊಳ್ಳುತ್ತದೆ. ಆಗ ಮಾತ್ರ ಓಡುತ್ತದೆ ಎಂದರೆ ಉಳಿದ ಹೊತ್ತಿನಲ್ಲಿ ಅದಕ್ಕೆ ಬೇಕಾದಷ್ಟು ಪೆಟ್ರೋಲ್ ಸಿಗುತ್ತಿಲ್ಲ, ಅಂದರೆ ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ಹಾದುಬರುವ ಜೆಟ್‌ನ ಸಣ್ಣ ರಂಧ್ರ ಅರ್ಧಂಬರ್ಧ ಕಟ್ಟಿಕೊಂಡಿರಬೇಕು.

ಪೆಟ್ರೋಲ್ ಹಲವು ದ್ರವಗಳ ಮಿಶ್ರಣ. ಇಟ್ಟಲ್ಲೇ ಇಟ್ಟಾಗ ಅದರಲ್ಲಿನ ಹಗುರವಾದ ಅಂಶಗಳು ಮೊದಲು ಆವಿಯಾಗಿ ಹೋಗುತ್ತವೆ. ಎಂಜಿನ್ನು ತಣ್ಣಗಿರುವಾಗ ಮೊದಲ ಎಳೆತಕ್ಕೆ ಹೊತ್ತಿಕೊಳ್ಳುವುದು ಇವೇ ಅಂಶಗಳಿಂದ. ಉಳಿದದ್ದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ನಿಧಾನವಾಗಿ ಕಂದುಬಣ್ಣದ ಅಂಟಾಗುತ್ತದೆ. ಟ್ಯಾಂಕಿಗಿಂತ ಮೊದಲು ಹಾಳಾಗುವುದು ಕಾರ್ಬ್ಯುರೇಟರಿನ ತಳದ ಬಟ್ಟಲು, ಏಕೆಂದರೆ ಅಲ್ಲಿರುವ ಪೆಟ್ರೋಲ್ ಬಹಳ ಸ್ವಲ್ಪ ಮತ್ತು ಅದಕ್ಕೆ ಗಾಳಿಯ ಸಂಪರ್ಕ ಸದಾ ಇರುತ್ತದೆ. ಜೆಟ್ ಇರುವುದೂ ಅಲ್ಲಿಯೇ.

ಇದರ ಜೊತೆಗೆ ಈಗ ಎಥೆನಾಲ್ ಸೇರಿದೆ. ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಈಗ ನಮ್ಮ ಬಂಕ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ಒಂದು ಮಿತಿಯವರೆಗೆ ಆ ನೀರು ಪೆಟ್ರೋಲಿನೊಳಗೆ ಕರಗಿಯೇ ಇರುತ್ತದೆ. ಮಿತಿ ದಾಟಿದರೆ, ಅಥವಾ ಚಳಿ ಹೆಚ್ಚಿ ಆ ಮಿತಿಯೇ ತಗ್ಗಿದರೆ, ಎಥೆನಾಲೂ ನೀರೂ ಒಟ್ಟಾಗಿ ಪೆಟ್ರೋಲಿನಿಂದ ಬೇರೆಯಾಗಿ ತಳ ಸೇರುತ್ತವೆ. ಆಗುಂಬೆ, ಹೊಸನಗರದ ಕಡೆ ಮಳೆಗಾಲದಲ್ಲಿ ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ. ಅಂತಹ ಗಾಳಿಯಲ್ಲಿ ಅರ್ಧ ಖಾಲಿಯಾದ ಟ್ಯಾಂಕನ್ನು ಬಿಡುವುದು ಬಯಲುಸೀಮೆಯಲ್ಲಿ ಬಿಟ್ಟಂತಲ್ಲ. ತಳ ಸೇರಿದ ಆ ಪದರವೇ ಮೊದಲು ಕಾರ್ಬ್ಯುರೇಟರಿಗೆ ಇಳಿದು, ಅಲ್ಯೂಮಿನಿಯಂ ಭಾಗಗಳ ಮೇಲೆ ಬಿಳಿಯ ಪುಡಿಯಂತಹ ತುಕ್ಕನ್ನು ಉಂಟುಮಾಡುತ್ತದೆ. ಹಳೆಯದರ ಮೇಲೆ ಹೊಸ ಪೆಟ್ರೋಲ್ ಸುರಿದುದರಿಂದ ನಿಮಗೆ ಪ್ರಯೋಜನವಾಗದಿರುವುದು ಸಹಜ.

ಕೆಲಸವನ್ನು ಮನೆಯ ಹೊರಗೆ, ಬಚ್ಚಲೊಲೆಯಿಂದ ಮತ್ತು ಬೀಡಿ ಸೇದುವವರಿಂದ ದೂರದಲ್ಲಿ, ಎಂಜಿನ್ನು ಪೂರ್ತಿ ತಣ್ಣಗಿರುವಾಗ ಮಾಡಿ. ಟ್ಯಾಂಕಿನಲ್ಲಿರುವುದನ್ನೆಲ್ಲ ಒಂದು ಗಾಜಿನ ಬಾಟಲಿಗೆ ಬಸಿದು ಸ್ವಲ್ಪ ಹೊತ್ತು ಅಲುಗಾಡಿಸದೆ ಇಟ್ಟು, ಬೆಳಕಿಗೆ ಹಿಡಿದು ನೋಡಿ. ತಳದಲ್ಲಿ ಬೇರೆ ಪದರ ಕಂಡರೆ, ಬಣ್ಣ ಕಪ್ಪಗಾಗಿದ್ದರೆ, ಹುಳಿ ಬೆರೆತ ವಾರ್ನಿಷಿನ ವಾಸನೆ ಬಂದರೆ ಅದನ್ನು ಮತ್ತೆ ಯಾವ ಎಂಜಿನ್ನಿಗೂ ಹಾಕಬೇಡಿ. ತೋಟದ ಬಸಿಗಾಲುವೆಗಂತೂ ಖಂಡಿತ ಚೆಲ್ಲಬೇಡಿ; ಆ ನೀರು ಕೊನೆಗೆ ಸೇರುವುದು ಹಳ್ಳವನ್ನೇ.

ಅನಂತರ ಕಾರ್ಬ್ಯುರೇಟರಿನ ತಳದ ಬೋಲ್ಟನ್ನು ಬಿಚ್ಚಿ ಬಟ್ಟಲನ್ನು ಇಳಿಸಿ. ಫ್ಲೋಟ್ (ಬಟ್ಟಲಿನಲ್ಲಿ ಪೆಟ್ರೋಲಿನ ಮಟ್ಟ ಕಾಯುವ ತೇಲುಬುರುಡೆ), ಅದರ ಸೂಜಿ ಮತ್ತು ರಬ್ಬರ್ ರಿಂಗ್‌ಗಳನ್ನು ಬೇರೆಯಾಗಿ ತೆಗೆದಿಡಿ. ಕಾರ್ಬ್ಯುರೇಟರ್ ಕ್ಲೀನರ್ ರಬ್ಬರಿಗೆ ತಾಗಿದರೆ ಅದು ಉಬ್ಬುತ್ತದೆ. ನಡುವಿನ ಹಿತ್ತಾಳೆಯ ಮುಖ್ಯ ಜೆಟ್ಟನ್ನು ಅದಕ್ಕೆ ಸರಿಯಾಗಿ ಕೂರುವ ಸ್ಕ್ರೂ ಡ್ರೈವರಿನಿಂದ ಬಿಚ್ಚಿ, ಕ್ಲೀನರ್ ಸಿಂಪಡಿಸಿ ನೆನೆಯಲು ಬಿಟ್ಟು, ವಿದ್ಯುತ್ ತಂತಿಯೊಳಗಿನ ತಾಮ್ರದ ಒಂದು ಎಳೆಯನ್ನು ರಂಧ್ರದಲ್ಲಿ ಮೆತ್ತಗೆ ಆಡಿಸಿ. ಹೊಲಿಗೆಯ ಸೂಜಿಯನ್ನೋ ಉಕ್ಕಿನ ತಂತಿಯನ್ನೋ ಬಳಸಿದರೆ ಮೆದು ಹಿತ್ತಾಳೆಯ ರಂಧ್ರ ಅಗಲವಾಗಿ, ಕಾರ್ಬ್ಯುರೇಟರನ್ನು ನಿಜವಾಗಿಯೂ ಬದಲಿಸುವ ಪರಿಸ್ಥಿತಿ ಬರುತ್ತದೆ. ಜೆಟ್‌ನ ಮೇಲಿರುವ ಕೊಳವೆಯ ಪಕ್ಕದ ಸಣ್ಣ ತೂತುಗಳನ್ನೂ ಮರೆಯಬೇಡಿ. ಹೊರಗಿನಿಂದ ಫಳಫಳಿಸುವಂತೆ ತೊಳೆದರೂ ಎಂಜಿನ್ನು ಸರಿಯಾಗದಿರುವುದು ಬಹಳ ಸಲ ಇವುಗಳಿಂದಲೇ. ಎಲ್ಲವೂ ಸ್ವಚ್ಛವಾದ ಮೇಲೂ ಅದೇ ತೊಂದರೆ ಉಳಿದರೆ ಕಾರ್ಬ್ಯುರೇಟರಿಗೂ ಎಂಜಿನ್ನಿಗೂ ನಡುವಿನ ಗ್ಯಾಸ್ಕೆಟ್ ಗಾಳಿ ಎಳೆಯುತ್ತಿದೆಯೇ ಎಂದು ಪರೀಕ್ಷಿಸಬೇಕು.

ಎಂಜಿನ್ ಆಯಿಲನ್ನೂ ಒಮ್ಮೆ ಮೂಸಿ ನೋಡಿ. ಫ್ಲೋಟಿನ ಸೂಜಿ ಅಂಟಿಕೊಂಡು ಬಟ್ಟಲು ಉಕ್ಕಿದರೆ ಪೆಟ್ರೋಲ್ ಎಂಜಿನ್ನಿನ ಹೊಟ್ಟೆಗೆ ಇಳಿದು ಆಯಿಲ್ ತೆಳ್ಳಗಾಗುತ್ತದೆ. ಪೆಟ್ರೋಲಿನ ವಾಸನೆ ಬಂದರೆ ಆಯಿಲ್ ಬದಲಿಸದೆ ಸ್ಟಾರ್ಟ್ ಮಾಡಬೇಡಿ.

ಈ ವರ್ಷ ಕೊನೆಯ ಸಿಂಪಡಣೆ ಮುಗಿದ ದಿನವೇ ಯಂತ್ರವನ್ನು ಎತ್ತಿಡುವ ಕೆಲಸವನ್ನೂ ಮುಗಿಸಿ. ಟ್ಯಾಂಕನ್ನು ಖಾಲಿ ಮಾಡಿ, ಎಂಜಿನ್ನು ತಾನಾಗಿ ನಿಲ್ಲುವವರೆಗೆ ಓಡಿಸಿ, ಅದು ತಣ್ಣಗಾದ ಮೇಲೆ ಬಟ್ಟಲಿನ ತಳದ ಡ್ರೈನ್ ಸ್ಕ್ರೂ ಬಿಚ್ಚಿ ಉಳಿದ ಹನಿಗಳನ್ನೂ ಇಳಿಸಿ. ಓಡಿಸಿ ನಿಲ್ಲಿಸಿದರೆ ಸಾಕೆಂದು ಅನೇಕರು ತಿಳಿದಿದ್ದಾರೆ, ಆದರೆ ಜೆಟ್‌ಗಿಂತ ಕೆಳಗಿನ ಪೆಟ್ರೋಲನ್ನು ಎಂಜಿನ್ನು ಎಳೆದುಕೊಳ್ಳಲಾರದು. ಅಂಟಾಗುವುದು ಆ ಉಳಿಕೆಯೇ. ಬಳಿಕ ಪ್ಲಗ್ ತೆಗೆದು ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ, ಹಗ್ಗವನ್ನು ನಿಧಾನವಾಗಿ ಎರಡು ಸಲ ಎಳೆದು, ಪ್ಲಗ್ ಮರಳಿ ಕೂರಿಸಿ. ಮತ್ತೆ ಹಗ್ಗ ಎಳೆಯುತ್ತಾ ಹೋಗಿ, ಬಿಗಿಯಾದಲ್ಲಿ ನಿಲ್ಲಿಸಿದರೆ ಎರಡೂ ವಾಲ್ವ್‌ಗಳು ಮುಚ್ಚಿಕೊಂಡು ಸಿಲಿಂಡರಿಗೆ ತೇವ ಸೇರುವುದು ಕಡಿಮೆಯಾಗುತ್ತದೆ. ಮೈಲುತುತ್ತದ ಚೀಲದ ಪಕ್ಕದಲ್ಲಾಗಲಿ ಕೊಟ್ಟಿಗೆಯಲ್ಲಾಗಲಿ ಯಂತ್ರವನ್ನು ಇಡಬೇಡಿ, ಮೈಮೇಲೆ ಅಂಟಿದ ಬೋರ್ಡೋವನ್ನು ತೊಳೆಯದೆಯೂ ಇಡಬೇಡಿ. ತೇವದೊಂದಿಗೆ ಸೇರಿದ ಮೈಲುತುತ್ತ ಅಲ್ಯೂಮಿನಿಯಮ್ಮನ್ನು ಕೊರೆಯುತ್ತದೆ. ಹೊದಿಸಲು ಪ್ಲಾಸ್ಟಿಕ್ಕಿಗಿಂತ ಹಳೆಯ ಹತ್ತಿ ಬಟ್ಟೆ ಒಳ್ಳೆಯದು.

ಪ್ರಶ್ನೆ: ಎರಡು ಸ್ಟ್ರೋಕಿನ ಕಳೆ ಕತ್ತರಿಸುವ ಯಂತ್ರಕ್ಕೆ ಆಯಿಲ್ ಬೆರೆಸಿದ ಪೆಟ್ರೋಲ್ ಕ್ಯಾನಿನಲ್ಲಿ ಐದಾರು ತಿಂಗಳಿನಿಂದ ಉಳಿದಿದೆ. ಆಯಿಲ್ ಇರುವುದರಿಂದ ಅದು ಕೆಡುವುದಿಲ್ಲ ಎನ್ನುತ್ತಾರೆ. ಬಳಸಬಹುದೇ?
– ಓದುಗರು, ಹೊಸನಗರ

ಉತ್ತರ: ಬಳಸಬೇಡಿ. ಆಯಿಲ್ ಸೇರಿಸಿದ್ದರಿಂದ ಪೆಟ್ರೋಲ್ ಹಳಸುವುದು ನಿಲ್ಲುವುದಿಲ್ಲ, ಅಪಾಯ ಮಾತ್ರ ಹೆಚ್ಚುತ್ತದೆ. ಎರಡು ಸ್ಟ್ರೋಕಿನ ಎಂಜಿನ್ನಿಗೆ ಬೇಕಾದ ಜಿಡ್ಡು ಪೆಟ್ರೋಲಿನ ಮೂಲಕವೇ ಒದಗಬೇಕು. ನೀರು ಮತ್ತು ಎಥೆನಾಲ್ ಬೇರೆಯಾಗಿ ತಳ ಸೇರಿದಾಗ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ತಳದಿಂದ ಎಳೆದುಕೊಳ್ಳುವ ಎಂಜಿನ್ನು ಜಿಡ್ಡಿಲ್ಲದೆ ಓಡಿ, ಪಿಸ್ಟನ್ ಸಿಲಿಂಡರಿಗೆ ಹಿಡಿದುಕೊಳ್ಳಬಹುದು. ಕಾರ್ಬ್ಯುರೇಟರ್ ಕಟ್ಟಿಕೊಂಡರೆ ತೊಳೆಯಬಹುದು, ಪಿಸ್ಟನ್ ಹಿಡಿದರೆ ಖರ್ಚು ದೊಡ್ಡದು. ಲೀಟರಿಗೆ ಎಷ್ಟು ಆಯಿಲ್ ಎಂಬುದು ಯಂತ್ರದ ಕೈಪಿಡಿಯಲ್ಲಿರುತ್ತದೆ: 50ಕ್ಕೆ 1 ಎಂದಿದ್ದರೆ 20 ಮಿ.ಲೀ., 25ಕ್ಕೆ 1 ಎಂದಿದ್ದರೆ 40 ಮಿ.ಲೀ. ಒಂದು ತಿಂಗಳಿಗೆ ಸಾಕಾಗುವಷ್ಟನ್ನು ಮಾತ್ರ ಬೆರೆಸಿ, ಪ್ರತಿ ಸಲ ಕುಲುಕಿ ಹಾಕಿ.

ಈ ಯಂತ್ರಗಳ ಕಾರ್ಬ್ಯುರೇಟರಿನಲ್ಲಿ ಬಟ್ಟಲಿನ ಬದಲು ಡಯಾಫ್ರಮ್ ಎಂಬ ತೆಳುವಾದ, ಬಾಗುವ ಪೊರೆ ಇರುತ್ತದೆ. ಒತ್ತುವ ರಬ್ಬರ್ ಬುಗ್ಗೆಗೆ ಪೆಟ್ರೋಲ್ ಏರದಿದ್ದರೆ ಮೊದಲು ಟ್ಯಾಂಕಿನೊಳಗಿನ ಫಿಲ್ಟರನ್ನೂ ಪೈಪು ಗಡುಸಾಗಿ ಬಿರಿದಿದೆಯೇ ಎಂಬುದನ್ನೂ ನೋಡಿ. ಡಯಾಫ್ರಮ್ ಸೆಟೆದು ಹೋಗಿದ್ದರೆ ತೊಳೆದು ಫಲವಿಲ್ಲ, ಅದರ ಕಿಟ್ ತಂದು ಹಾಕಿಸಬೇಕು.

ಪ್ರಶ್ನೆ: ಪೆಟ್ರೋಲ್ ಕೆಡದಂತೆ ಸೇರಿಸುವ ಸ್ಟೆಬಿಲೈಸರ್ ಕೊಳ್ಳಬಹುದೇ? ನಮ್ಮ ಡೀಸೆಲ್ ಪವರ್ ಟಿಲ್ಲರಿನ ಟ್ಯಾಂಕನ್ನೂ ಖಾಲಿ ಮಾಡಿಡಬೇಕೇ?
– ರೈತರು, ಸಾಗರ ತಾಲ್ಲೂಕು

ಉತ್ತರ: ಸ್ಟೆಬಿಲೈಸರನ್ನು ಹೊಸ ಪೆಟ್ರೋಲಿಗೆ ಸೇರಿಸಿ, ಅದು ಕಾರ್ಬ್ಯುರೇಟರ್ ತಲುಪುವಂತೆ ಕೆಲವು ನಿಮಿಷ ಎಂಜಿನ್ನು ಓಡಿಸಿದರೆ ಅಂಟಾಗುವುದು ನಿಧಾನವಾಗುತ್ತದೆ. ಹಳಸಿದ್ದನ್ನು ಅದು ಹೊಸದಾಗಿಸುವುದಿಲ್ಲ; ಬೇರೆಯಾದ ನೀರನ್ನು ಮತ್ತೆ ಪೆಟ್ರೋಲಿನಲ್ಲಿ ಬೆರೆಸುವುದೂ ಇಲ್ಲ. ನಮ್ಮ ತೇವದ ಹವೆಯಲ್ಲಿ ಸಣ್ಣ ಎಂಜಿನ್ನುಗಳಿಗೆ ಖಾಲಿ ಮಾಡಿಡುವ ಕ್ರಮವೇ ಹೆಚ್ಚು ನಂಬಿಕೆಗೆ ಅರ್ಹ, ಅದಕ್ಕೆ ಖರ್ಚೂ ಇಲ್ಲ.

ಡೀಸೆಲ್ಲಿಗೆ ಕ್ರಮ ಬೇರೆ. ಟಿಲ್ಲರಿನ ಟ್ಯಾಂಕನ್ನು ಖಾಲಿ ಬಿಟ್ಟರೆ ಒಳಗಿನ ಗಾಳಿಯ ತೇವ ಗೋಡೆಗಳ ಮೇಲೆ ಹನಿಗಟ್ಟಿ ತಳಕ್ಕೆ ಇಳಿಯುತ್ತದೆ, ನೀರೂ ಡೀಸೆಲ್ಲೂ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಾಗಿ ಫಿಲ್ಟರನ್ನು ಕಟ್ಟುತ್ತವೆ. ಆದ್ದರಿಂದ ಅದನ್ನು ಬಹುತೇಕ ತುಂಬಿಸಿಡಿ. ಮತ್ತೆ ಗದ್ದೆಗೆ ಇಳಿಸುವ ಮೊದಲು ಟ್ಯಾಂಕಿನ ತಳದಿಂದ ಸ್ವಲ್ಪ ಡೀಸೆಲ್ ಬಸಿದು ನೋಡಿ, ನೀರು ಕಂಡರೆ ಅದು ನಿಲ್ಲುವವರೆಗೂ ಬಸಿಯಿರಿ, ಫಿಲ್ಟರ್ ಬದಲಿಸಿ, ಪೈಪಿನೊಳಗೆ ಸೇರಿದ ಗಾಳಿಯನ್ನು ಪೂರ್ತಿ ಹೊರಡಿಸಿದ ಮೇಲೆಯೇ ಸ್ಟಾರ್ಟ್ ಮಾಡಿ.