ಹಳೇ ಜೀಪಿನ ಹೆಡ್‌ಲೈಟ್: ಬಲ್ಬ್ ಬದಲಿಸುವ ಮೊದಲು ವೋಲ್ಟೇಜ್ ನೋಡಿ

ಅಣ್ಣಾ ನಮಸ್ಕಾರ. 1997ರ ಕಮಾಂಡರ್ ಜೀಪು, ರಾತ್ರಿ ಮೂಡಿಗೆರೆಯಿಂದ ತೋಟಕ್ಕೆ ವಾಪಸ್ ಬರುವಾಗ ಬೆಳಕು ಸಾಲುತ್ತಿಲ್ಲ, 100/90 ಬಲ್ಬ್ (ಹೈ ಬೀಮ್ 100 ವಾಟ್, ಡಿಪ್ 90 ವಾಟ್) ಹಾಕಲಾ ಇಲ್ಲ ಎಲ್‌ಇಡಿ ಹಾಕಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. ಈಗ ಇರುವ 60/55 ಬಲ್ಬಿಗೆ ಸಿಗಬೇಕಾದ ಕರೆಂಟು ಪೂರ್ತಿ ಸಿಗುತ್ತಿದೆಯಾ ಅಂತ ಮೊದಲು ನೋಡಿ. ನನ್ನ ಅಂದಾಜಿನಲ್ಲಿ ಸಿಗುತ್ತಿಲ್ಲ. ಉತ್ತರ ಸ್ವಲ್ಪ ಉದ್ದ ಇದೆ, ಸಮಾಧಾನವಾಗಿ ಓದಿ.

ನನ್ನದೂ ಅದೇ ಕಾಲದ ಜೀಪು. ಏಳು ಇಂಚಿನ ದುಂಡು ಲೈಟು, ಹೈ ಮತ್ತು ಡಿಪ್ ಎರಡೂ ಒಂದರಲ್ಲೇ ಇರುವ ಎಚ್4 ಬಲ್ಬು. ಕೆಲವು ವರ್ಷದ ಹಿಂದೆ ನಾನೂ ಅಂಗಡಿಯವರ ಮಾತು ಕೇಳಿ 100/90 ಹಾಕಿಸಿದೆ. ವೈರಿಂಗ್ ಹಳೆಯದ್ದೇ. ಬೆಳಕು ಸ್ವಲ್ಪ ಜಾಸ್ತಿ ಆಯಿತು, ನಿಜ. ಒಂದು ಜುಲೈ ರಾತ್ರಿ ಧರ್ಮಸ್ಥಳದಿಂದ ಚಾರ್ಮಾಡಿ ಹತ್ತಿ ಬರುತ್ತಿದ್ದೆವು. ಮಳೆ, ಮಂಜು, ಹಿಂದಿನ ಸೀಟಿನಲ್ಲಿ ಅಮ್ಮ. ಘಾಟಿಯಲ್ಲಿ ಅರ್ಧ ದಾರಿ ಬಂದಿರಬೇಕು, ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಮುಂದಿನ ತಿರುವಿನಲ್ಲಿ ಎರಡೂ ಲೈಟು ಒಟ್ಟಿಗೇ ಆರಿಹೋದವು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ, ಕಣ್ಣಿಗೆ ಏನೂ ಇಲ್ಲ. ಹಿಂದೆ ಬಂದ ಲಾರಿಯವರು ನಿಲ್ಲಿಸಿ, ತಮ್ಮ ಲೈಟಿನ ಬೆಳಕಿನಲ್ಲೇ ನಮ್ಮನ್ನು ಕೊಟ್ಟಿಗೆಹಾರದವರೆಗೆ ಕರೆದುಕೊಂಡು ಬಂದರು. ಅವರ ಹೆಸರು ಕೂಡ ಕೇಳಲಿಲ್ಲ ಅನ್ನುವುದು ಇವತ್ತಿಗೂ ಮನಸ್ಸಿನಲ್ಲಿದೆ.

ಮಾರನೇ ದಿನ ಬಿಚ್ಚಿ ನೋಡಿದರೆ ಡಿಪ್ಪರ್ ಸ್ವಿಚ್ಚಿನ (ಹೈ, ಡಿಪ್ ಬದಲಿಸುವ ಸ್ವಿಚ್ಚು) ಒಳಗೆ ಕರಗಿಹೋಗಿತ್ತು. ಲೆಕ್ಕ ಸುಲಭ. ಎರಡು 60 ವಾಟ್ ಬಲ್ಬು ಉರಿದರೆ ಸುಮಾರು 10 ಆಂಪಿಯರ್ ಎಳೆಯುತ್ತವೆ. ಎರಡು 100 ವಾಟ್ ಅಂದರೆ ಹತ್ತಿರ ಹತ್ತಿರ 17. ಹಳೇ ಜೀಪಿನಲ್ಲಿ ಆ ಅಷ್ಟೂ ಕರೆಂಟು ಲೈಟ್ ಸ್ವಿಚ್ ಮತ್ತು ಡಿಪ್ಪರ್ ಒಳಗೇ ಹಾದುಹೋಗಬೇಕು. ಇಪ್ಪತ್ತೈದು ವರ್ಷ ಸವೆದ ಕಾಂಟ್ಯಾಕ್ಟು ಅದನ್ನು ಎಲ್ಲಿ ತಡೆಯುತ್ತದೆ? ಹೋಲ್ಡರ್ ಕರಗುತ್ತದೆ, ಡೂಮಿನ (ಬಲ್ಬಿನ ಹಿಂದಿನ ಕನ್ನಡಿಯಂಥ ಬಟ್ಟಲು) ಹೊಳಪು ಲೇಪ ಸುಟ್ಟು ಹಳದಿಯಾಗುತ್ತದೆ. ಅದೂ ಅಲ್ಲದೆ ನಮ್ಮ ರಸ್ತೆಗೆ ಒಪ್ಪಿಗೆ ಇರುವ ಎಚ್4 ಅಂದರೆ 60/55 ಮಾತ್ರ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ಸ್ವಲ್ಪ ಇಳಿದರೂ ಬೆಳಕು ತುಂಬ ಇಳಿಯುತ್ತದೆ. ಎಚ್4ರ ಬೆಳಕನ್ನು ಅಳೆಯುವುದು 13.2 ವೋಲ್ಟಿನಲ್ಲಿ. ಆಗ ಹೈ ಬೀಮ್ ಸುಮಾರು 1650 ಲ್ಯೂಮೆನ್ (ಬೆಳಕಿನ ಅಳತೆ), ಡಿಪ್ ಸುಮಾರು 1000. ಬಲ್ಬಿಗೆ 12 ವೋಲ್ಟ್ ಮಾತ್ರ ಸಿಕ್ಕರೆ ಬೆಳಕು ಮುಕ್ಕಾಲಿಗಿಂತ ಕಡಿಮೆ. 11ಕ್ಕೆ ಇಳಿದರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಬ್ಯಾಟರಿಯಿಂದ ಹೊರಟ ಕರೆಂಟು ಸ್ವಿಚ್, ಡಿಪ್ಪರ್, ಫ್ಯೂಸ್, ನಾಲ್ಕಾರು ಕಪ್ಲರ್ (ವೈರು ಜೋಡಿಸುವ ಪ್ಲಗ್ಗು) ಸುತ್ತಿ ಬರುವಷ್ಟರಲ್ಲಿ ಒಂದೊಂದು ಕಡೆ ಒಂದಿಷ್ಟು ವೋಲ್ಟೇಜ್ ಸೋರುತ್ತದೆ. ಮತ್ತೆ 60/55 ಹಾಕಿ ಅಳೆದಾಗ ನನ್ನ ಗಾಡಿಯಲ್ಲಿ ಬ್ಯಾಟರಿ ಮೇಲೆ 13.9 ಇತ್ತು, ಬಲ್ಬಿನ ಹತ್ತಿರ 11.3. ಅರ್ಧ ಬೆಳಕು ವೈರಿನಲ್ಲೇ ಬಿಸಿಯಾಗಿ ಹೋಗುತ್ತಿತ್ತು. ನಾನು ಬಲ್ಬನ್ನು ಬೈಯುತ್ತಿದ್ದೆ.

ಅಳೆಯುವುದು ಹೀಗೆ. ಯಾವುದಾದರೂ ಸಾದಾ ಮಲ್ಟಿಮೀಟರ್ ಸಾಕು. ಇಂಜಿನ್ ಚಾಲೂ ಮಾಡಿ, ರೇಸ್ ಸ್ವಲ್ಪ ಏರಿಸಿ ಇಟ್ಟು, ಹೈ ಬೀಮ್ ಹಾಕಿ. ಮೊದಲು ಬ್ಯಾಟರಿ ಮೇಲೆ ಅಳೆಯಿರಿ. 13.8ರಿಂದ 14.4ರ ಒಳಗೆ ಇರಬೇಕು. ಅದೇ ಇಲ್ಲದಿದ್ದರೆ ಆಲ್ಟರ್ನೇಟರ್, ಬೆಲ್ಟು, ಬ್ಯಾಟರಿ ಟರ್ಮಿನಲ್ ನೋಡಿಸಿ, ಲೈಟಿನ ಕೆಲಸ ಆಮೇಲೆ. ಬ್ಯಾಟರಿ ಸರಿ ಇದ್ದರೆ ಮೀಟರಿನ ಒಂದು ಕಡ್ಡಿ ಬ್ಯಾಟರಿ ಪ್ಲಸ್ಸಿಗೆ, ಇನ್ನೊಂದು ಬಲ್ಬಿನ ಹೈ ಬೀಮ್ ಪಿನ್ನಿಗೆ. ಮೀಟರು ತೋರಿಸುವುದೇ ದಾರಿಯಲ್ಲಿ ಸೋರಿದ ವೋಲ್ಟೇಜು. ಅರ್ಧ ವೋಲ್ಟಿಗಿಂತ ಜಾಸ್ತಿ ಇದ್ದರೆ ಕೆಲಸ ಇದೆ ಅಂತ ಅರ್ಥ. ಹಾಗೇ ಬಲ್ಬಿನ ಅರ್ತ್ ಪಿನ್ನಿಂದ ಬ್ಯಾಟರಿ ಮೈನಸ್ಸಿಗೂ ಒಮ್ಮೆ ಅಳೆಯಿರಿ.

ಒಂದು ಎಚ್ಚರ ಇಲ್ಲಿ. ಕಪ್ಲರನ್ನು ಬಲ್ಬಿನಿಂದ ಕಿತ್ತು ಅಳೆಯಬೇಡಿ. ಬಲ್ಬು ಉರಿಯದಿದ್ದರೆ ಕರೆಂಟು ಹರಿಯುವುದಿಲ್ಲ, ಹರಿಯದಿದ್ದರೆ ಸೋರಿಕೆಯೂ ಕಾಣುವುದಿಲ್ಲ. ಮೀಟರು ಚೆನ್ನಾಗಿಯೇ ತೋರಿಸುತ್ತದೆ, ನೀವು ವೈರಿಂಗ್ ಸರಿ ಇದೆ ಅಂದುಕೊಳ್ಳುತ್ತೀರಿ. ಬಲ್ಬು ಉರಿಯುತ್ತಿರುವಾಗಲೇ ಕಪ್ಲರಿನ ಹಿಂದಿನಿಂದ ಕಡ್ಡಿ ತೂರಿಸಿ.

ಅರ್ತ್ ಕಡೆ ನಮ್ಮ ಮಲೆನಾಡಿನಲ್ಲಿ ತುಂಬ ಕೈಕೊಡುತ್ತದೆ. ಲೈಟಿನ ಅರ್ತ್ ವೈರು ಬಾಡಿಗೆ ಕೂರುವ ಸ್ಕ್ರೂ ತುಕ್ಕು ಹಿಡಿದಿರುತ್ತದೆ. ಬಿಚ್ಚಿ, ಎಮರಿ ಪೇಪರಿನಲ್ಲಿ ತಗಡು ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿ, ಮೇಲೆ ಸ್ವಲ್ಪ ಗ್ರೀಸ್ ಹಚ್ಚಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಎಷ್ಟೋ ಗಾಡಿಗಳಲ್ಲಿ ಒಂದು ಲೈಟು ಮಂಕು, ಒಂದು ಸರಿ ಅನ್ನುವುದು ಇದರಿಂದಲೇ.

ಪ್ಲಸ್ ಕಡೆಗೆ ಮದ್ದು ರಿಲೇ. ಬ್ಯಾಟರಿಯಿಂದ ನೇರ ದಪ್ಪ ವೈರು ಲೈಟಿಗೆ ಬರುತ್ತದೆ, ನಡುವೆ ರಿಲೇ ಕೂರುತ್ತದೆ. ಹಳೇ ಸ್ವಿಚ್ಚು ಈಗ ರಿಲೇಯನ್ನು ಎಬ್ಬಿಸುವ ಕೆಲಸ ಮಾತ್ರ ಮಾಡುತ್ತದೆ, ಭಾರ ಹೊರುವುದಿಲ್ಲ. ಎಚ್4ಗೆ ಅಂತಲೇ ರೆಡಿ ವೈರಿಂಗ್ ಕಿಟ್ ಸಿಗುತ್ತದೆ. ಗಾಡಿಯ ಒಂದು ಕಡೆಯ ಹಳೇ ಕಪ್ಲರನ್ನು ಅದಕ್ಕೆ ಚುಚ್ಚಿದರೆ ಆಯಿತು, ಮೂಲ ವೈರ್ ಕತ್ತರಿಸಬೇಕಾಗಿಲ್ಲ. ಮಾಡಿಸುವುದಾದರೆ ಎಲೆಕ್ಟ್ರಿಷಿಯನ್‌ಗೆ ಹೀಗೆ ಹೇಳಿ: ರಿಲೇಯ 30ನೇ ಕಾಲಿಗೆ ಬ್ಯಾಟರಿ ಪ್ಲಸ್, 87ರಿಂದ ಬಲ್ಬಿಗೆ, 86ಕ್ಕೆ ಹಳೇ ಲೈಟ್ ವೈರು, 85 ಅರ್ತಿಗೆ. ಬ್ಯಾಟರಿಯಿಂದ ರಿಲೇಗೆ 2.5 ಚದರ ಮಿ.ಮೀ. ತಾಮ್ರದ ವೈರು, ಅಲ್ಲಿಂದ ಒಂದೊಂದು ಬಲ್ಬಿಗೆ 1.5 ಆದರೂ ಇರಲಿ. ಡಿಪ್ಪಿಗೆ ಒಂದು ರಿಲೇ, ಹೈ ಬೀಮಿಗೆ ಒಂದು. ಎರಡಕ್ಕೂ ಬೇರೆ ಬೇರೆ 15 ಆಂಪಿಯರ್ ಫ್ಯೂಸ್, ಅದೂ ಬ್ಯಾಟರಿಗೆ ಒಂದು ಗೇಣಿನೊಳಗೆ. ಒಂದು ಫ್ಯೂಸ್ ಹೋದರೂ ಇನ್ನೊಂದು ಬೀಮ್ ಉಳಿಯಬೇಕು. ಚಾರ್ಮಾಡಿಯ ಆ ರಾತ್ರಿಯ ನಂತರ ಈ ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ. ರಿಲೇಗಳ ಕಾಲು ಕೆಳಮುಖವಾಗಿ, ನೀರು ಎರಚದ ಕಡೆ ಕೂರಿಸಿ.

ನಿಮ್ಮ ಜೀಪಿಗೆ ಇದು ಸರಿಹೋಗುತ್ತದೆ. ಬೇರೆಯವರು ಓದುತ್ತಿದ್ದರೆ ಅವರಿಗೆ ಒಂದು ಮಾತು: ಕೆಲವು ಜಪಾನಿ ಮೂಲದ ಗಾಡಿಗಳಲ್ಲಿ ಲೈಟ್ ಸ್ವಿಚ್ಚು ನೆಗೆಟಿವ್ ಕಡೆ ಇರುತ್ತದೆ. ಅಲ್ಲಿ ಇದೇ ಕಿಟ್ ಹಾಕಿದರೆ ಕೆಲಸ ಮಾಡುವುದಿಲ್ಲ. ಮೀಟರಿನಲ್ಲಿ ನೋಡಿಯೇ ಕೊಳ್ಳಿ.

ರಿಲೇ ಹಾಕಿದ ಮೇಲೆ ನನ್ನ ಬಲ್ಬಿನ ಹತ್ತಿರ 13.4 ಬಂತು. ಬಲ್ಬು ಮಾತ್ರ ಅದೇ 60/55 ವಾಟಿನದ್ದು. ಬೆಳಕು ಮೊದಲಿಗಿಂತ ಒಂದೂಮುಕ್ಕಾಲು ಪಟ್ಟು ಅಂತ ಲೆಕ್ಕ ಹೇಳುತ್ತದೆ, ಕಣ್ಣಿಗೂ ಹಾಗೇ ಕಂಡಿತು. ಕಿಟ್, ಹೊಸ ಬಲ್ಬು, ಕೂಲಿ ಎಲ್ಲ ಸೇರಿ ಎರಡು ಸಾವಿರದ ಒಳಗೆ ಮುಗಿಯಿತು.

ಬಲ್ಬು ಒಳ್ಳೆ ಕಂಪನಿಯದ್ದು, ಬಣ್ಣವಿಲ್ಲದ ತಿಳಿ ಗಾಜಿನದ್ದು ತಗೊಳ್ಳಿ. ಜೋಡಿಯಾಗಿಯೇ ಬದಲಿಸಿ. ನೀಲಿ ಲೇಪನದ ಬಲ್ಬು ಬೇಡವೇ ಬೇಡ, ಆ ಬಣ್ಣ ಬೆಳಕಿನ ಒಂದು ಪಾಲನ್ನು ತಡೆದೇ ಹುಟ್ಟುವುದು. ಗಾಜನ್ನು ಬರಿ ಬೆರಳಿನಲ್ಲಿ ಮುಟ್ಟಬೇಡಿ.

ಆಮೇಲೆ ಡೂಮ್ ನೋಡಿ. ಹಗಲಿನಲ್ಲಿ ಗಾಜಿನ ಮೂಲಕ ಒಳಗೆ ಇಣುಕಿ. ಕನ್ನಡಿ ಹಾಗೆ ಹೊಳೆಯಬೇಕು. ಬೂದು ಬಣ್ಣಕ್ಕೆ ತಿರುಗಿದ್ದರೆ, ಒಳಗೆ ನೀರಿನ ಕಲೆ ಇದ್ದರೆ ಯಾವ ಬಲ್ಬು ಹಾಕಿಯೂ ಪ್ರಯೋಜನ ಇಲ್ಲ. ಒರೆಸಲು ಹೋಗಬೇಡಿ, ಹೊಳಪು ಲೇಪ ಬಟ್ಟೆಗೇ ಬರುತ್ತದೆ. ಜೋಡಿ ಹೊಸದು ಹಾಕಿಸಿ. ಏಳು ಇಂಚಿನದ್ದು ಎಲ್ಲ ಕಡೆ ಸಿಗುತ್ತದೆ. ಆನ್‌ಲೈನಿನಲ್ಲಿ ತರಿಸುವಾಗ ಮಾತ್ರ ಹುಷಾರು. ರಸ್ತೆಯ ಬಲಗಡೆ ಗಾಡಿ ಓಡಿಸುವ ದೇಶಗಳ ಡೂಮ್ ಬಂದರೆ ಡಿಪ್ ಬೆಳಕು ಬಲಕ್ಕೆ ಏರುತ್ತದೆ, ಅಂದರೆ ಎದುರು ಬರುವವರ ಕಣ್ಣಿಗೇ. ನಮಗೆ ಎಡಕ್ಕೆ ಏರಬೇಕು. ಗಾಜಿನ ಮೇಲೆ ಇ ಗುರುತು (ವೃತ್ತದೊಳಗೆ ಇಂಗ್ಲಿಷಿನ E) ಇದ್ದರೆ ಅದರ ಹತ್ತಿರ ಬಾಣ ಹುಡುಕಿ. ಲೈಟಿಗೆ ಮುಖ ಮಾಡಿ ನಿಂತ ನಿಮ್ಮ ಬಲಕ್ಕೆ ಬಾಣ ಇದ್ದರೆ ಅದು ನಮ್ಮ ರಸ್ತೆಯದ್ದು. ಎರಡೂ ಕಡೆ ಬಾಣ ಇದ್ದರೂ ನಡೆಯುತ್ತದೆ.

ಎಲ್‌ಇಡಿ ಬಗ್ಗೆ ಕೇಳಿದಿರಲ್ವಾ. ಎಚ್4 ಬಲ್ಬಿನ ಒಳಗೆ ಡಿಪ್ ತಂತಿಯ ಕೆಳಗೆ ಒಂದು ಪುಟ್ಟ ತಗಡಿನ ಬಟ್ಟಲು ಇದೆ. ಡೂಮಿನ ಕೆಳ ಅರ್ಧಕ್ಕೆ ಬೆಳಕು ಬೀಳದ ಹಾಗೆ ಅದು ತಡೆಯುತ್ತದೆ, ಅದರಿಂದಲೇ ಡಿಪ್ಪಿನಲ್ಲಿ ಬೆಳಕು ಮೇಲೆ ಏರುವುದಿಲ್ಲ. ಡೂಮಿನ ಲೆಕ್ಕವೆಲ್ಲ ಆ ತಂತಿ ಇರುವ ಜಾಗದ ಮೇಲೆ ನಿಂತಿದೆ. ಎಲ್‌ಇಡಿ ಬಲ್ಬಿನಲ್ಲಿ ಬೆಳಕು ಹುಟ್ಟುವ ಜಾಗ ಮಿಲಿಮೀಟರ್ ಆಚೆ ಈಚೆ ಆದರೂ ಲೆಕ್ಕ ಕೆಡುತ್ತದೆ. ಗಾಡಿಯ ಮುಂದೆ ಹತ್ತು ಮೀಟರ್ ಬೆಳ್ಳಗೆ ಕಾಣುತ್ತದೆ, ಚಾಲಕನಿಗೆ ಖುಷಿ. ದೂರ ಬೀಳಬೇಕಾದ ಬೆಳಕು ಎದುರಿನವರ ಕಣ್ಣಿಗೆ ಹೋಗಿರುತ್ತದೆ. ಕಿರಿದಾದ ನಮ್ಮ ರಸ್ತೆಯಲ್ಲಿ ಎದುರಿನವರು ಕುರುಡಾದರೆ ಗುದ್ದುವುದು ನಮಗೇ. 2024ರ ಜುಲೈನಿಂದ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಲೈಟಿನವರ ಮೇಲೆ ಕೇಸು ಹಾಕುತ್ತಿದ್ದಾರೆ, ಅದು ಸರಿಯಾಗಿದೆ ಅಂತಲೇ ನನ್ನ ಅಭಿಪ್ರಾಯ. ಪೂರ್ತಿ ಏಳು ಇಂಚಿನ ಎಲ್‌ಇಡಿ ಲೈಟಿನ ಮಾತು ಬೇರೆ. ಅದಕ್ಕೆ ಅದರದ್ದೇ ಲೆನ್ಸ್ ಇರುತ್ತದೆ. ಕೊಳ್ಳುವ ಮೊದಲು ಗೋಡೆ ಮೇಲೆ ಬಿಟ್ಟು ನೋಡಿ, ಡಿಪ್ಪಿನಲ್ಲಿ ಗೆರೆ ಎಳೆದ ಹಾಗೆ ಮೇಲಿನ ಅಂಚು ಕಂಡರೆ ಮಾತ್ರ ಯೋಚಿಸಿ.

ಕೊನೆಗೆ ಲೈಟ್ ಕೂರಿಸುವುದು. ಇದನ್ನು ಬಹಳ ಜನ ಮಾಡುವುದೇ ಇಲ್ಲ. ಸಮ ನೆಲ, ಟೈರಿನ ಗಾಳಿ ಸರಿ, ಚಾಲಕನ ಸೀಟಿನಲ್ಲಿ ಒಬ್ಬರು. ಗೋಡೆಯಿಂದ ಲೈಟಿಗೆ 5 ಮೀಟರ್ ದೂರ ಇರಲಿ. ಲೈಟಿನ ನಡುಮಧ್ಯ ನೆಲದಿಂದ ಎಷ್ಟು ಎತ್ತರ ಇದೆಯೋ ಅಷ್ಟೇ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಹಾಕಿ. ಡಿಪ್ಪಿನ ಮೇಲಂಚು ಆ ಗೆರೆಗಿಂತ 5 ಸೆಂಟಿಮೀಟರ್ ಕೆಳಗೆ ಬರಬೇಕು. ಹೊರಗಿನ ರಿಂಗ್ ಬಿಚ್ಚಿದರೆ ಸ್ಪ್ರಿಂಗ್ ಇರುವ ಎರಡು ಸ್ಕ್ರೂ ಕಾಣುತ್ತವೆ, ಮೇಲಿನದ್ದು ಎತ್ತರಕ್ಕೆ, ಪಕ್ಕದ್ದು ಎಡ ಬಲಕ್ಕೆ. ನೀವು ಹಿಂದೆ ಕಾಫಿ ಮೂಟೆ ಹಾಕಿಕೊಂಡು ಬರುತ್ತೀರಿ ಅಲ್ವಾ, ಮೂಟೆ ಹೇರಿಯೇ ಅಳೆಯಿರಿ. ಮೂತಿ ಒಂದೇ ಡಿಗ್ರಿ ಎದ್ದರೂ 5 ಮೀಟರಿನಲ್ಲಿ ಬೆಳಕು ಸುಮಾರು 9 ಸೆಂಟಿಮೀಟರ್ ಮೇಲೇರುತ್ತದೆ, ಡಿಪ್ಪೂ ಹೈ ಬೀಮ್ ಆಗಿಬಿಡುತ್ತದೆ.

ಮಂಜಿಗೆ ಇದ್ಯಾವುದೂ ಪೂರ್ತಿ ಉತ್ತರ ಅಲ್ಲ. ಹೈ ಬೀಮ್ ಹಾಕಿದರೆ ಬಿಳಿ ಗೋಡೆ ಎದ್ದು ನಿಲ್ಲುತ್ತದೆ. ಬಂಪರಿಗೆ ಕೆಳಗಾಗಿ, ಅಗಲಕ್ಕೆ ಹರಡುವ ಒಂದು ಜೊತೆ ಫಾಗ್ ಲ್ಯಾಂಪ್ ಹಾಕಿ, ಅದಕ್ಕೂ ಬೇರೆ ರಿಲೇ, ಬೇರೆ ಸ್ವಿಚ್ಚು. ಮುಂದಿನ ಗಾಜಿನ ಒಳಮೈಯನ್ನೂ ಒರೆಸಿ, ಅಲ್ಲಿ ಕೂರುವ ಜಿಡ್ಡು ಎದುರಿನ ಬೆಳಕನ್ನೆಲ್ಲ ಚದುರಿಸುತ್ತದೆ.

ಬೆಳಕು ಹೆಚ್ಚಾಯಿತು ಅಂತ ವೇಗ ಹೆಚ್ಚಿಸಬೇಡಿ ಅಣ್ಣಾ. 60ರಲ್ಲಿ ಹೋಗುವಾಗ ಬ್ರೇಕ್ ಮೇಲೆ ಕಾಲಿಡುವ ಒಂದೂವರೆ ಸೆಕೆಂಡಿನಲ್ಲೇ 25 ಮೀಟರ್ ದಾಟಿರುತ್ತೀರಿ. ಒದ್ದೆ ರಸ್ತೆ, ಹಳೇ ಬ್ರೇಕು, ನಿಲ್ಲುವುದಕ್ಕೆ ಇನ್ನೂ 30 ಮೀಟರ್ ಮೇಲೇ ಬೇಕು. ಡಿಪ್ಪಿನಲ್ಲಿ ಕಪ್ಪು ವಸ್ತು ಅಷ್ಟು ದೂರಕ್ಕೆ ಕಾಣುವುದೇ ಕಷ್ಟ. ನಿಮ್ಮ ಕಡೆ ಆನೆ ರಸ್ತೆಗೆ ಇಳಿಯುತ್ತದೆ. ಅದರ ಮೈ ಬೆಳಕನ್ನು ವಾಪಸ್ ಕೊಡುವುದಿಲ್ಲ, ಹತ್ತಿರ ಬರುವ ತನಕ ಅದೂ ಕತ್ತಲೆಯ ಹಾಗೇ ಇರುತ್ತದೆ.

ಮೂರು ಅಳತೆ ಇಲ್ಲಿ ಹಾಕಿ: ಬ್ಯಾಟರಿ ಮೇಲೆ ಎಷ್ಟು, ಪ್ಲಸ್ ಕಡೆ ಸೋರಿಕೆ ಎಷ್ಟು, ಅರ್ತ್ ಕಡೆ ಎಷ್ಟು. ನಿಮ್ಮ ಡಿಪ್ಪರ್ ಕಾಲಲ್ಲಿ ಒತ್ತುವುದಾ, ಸ್ಟೇರಿಂಗ್ ಪಕ್ಕದ್ದಾ ಅಂತಲೂ ಬರೆಯಿರಿ. ಅದನ್ನು ನೋಡಿ, ಯಾವ ವೈರಿನಿಂದ ರಿಲೇಗೆ ಎಳೆಯಬೇಕು ಅಂತ ಚಿತ್ರ ಬರೆದು ಕಳಿಸುತ್ತೇನೆ.